ಒಂದು ತೊಟ್ಟೂ ಸೋರದ ಕುಂಡ

— ಮೂರು ದಿನ ಈ ಗಿಡದ ಪಕ್ಕದಲ್ಲೇ ಕೂತು ಕೆಮ್ಮಿದ್ರಿ. ಅದಕ್ಕೇ ಹೀಗಾಗಿದೆ.

— ಕೆಮ್ಮಿದ್ರೆ ಎಲೆ ಉದುರುತ್ತೇನೇ?

— ಮತ್ತೆ ಇನ್ಯಾಕೆ ಉದುರಿದ್ವು?

— ಕೆಮ್ಮಿಗೆ ಉದುರೋದಾದ್ರೆ ನಿನ್ನ ತಲೇಲಿ ಒಂದು ಕೂದಲೂ ಉಳೀತಿರಲಿಲ್ಲ. ನಿನ್ನ ಪಕ್ಕದಲ್ಲೂ ಕೆಮ್ಮಿದೀನಿ.

ಪ್ಲಂಬರ್ ಹೆಂಡತಿಗೆ ಇದನ್ನು ತಮಾಷೆಗೆ ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಕಂಡವರ ಮನೆಯ ಸಿಂಕುಗಳ ಕೆಳಗೆ ತಲೆ ತೂರಿಸಿ ಬದುಕಿದ ಮನುಷ್ಯ ಅವನು. ಯಾವ ತೊಂದರೆಗೂ ಒಂದು ಕಾರಣ ಇರುತ್ತದೆ, ಕೈ ಹಾಕಿದರೆ ಸಿಗುತ್ತದೆ ಎಂದು ನಂಬಿದವನು. ಕೆಮ್ಮು ಕೈಗೆ ಸಿಗುವಂಥದ್ದಲ್ಲ, ಆದ್ದರಿಂದ ಅದನ್ನು ಅವನು ಕಾರಣ ಎಂದು ಒಪ್ಪಲಿಲ್ಲ.

ಗಿಡ ಕಿಟಕಿಯ ಹತ್ತಿರ ಸ್ಟೂಲಿನ ಮೇಲಿತ್ತು. ರಬ್ಬರ್ ಗಿಡ. ಆರು ವಾರದ ಹಿಂದೆ ಈ ಮನೆಗೆ ಬಂದಾಗ ಹತ್ತೊಂಬತ್ತು ಎಲೆ, ಒಂದೊಂದೂ ಅಂಗೈಗಿಂತ ಅಗಲ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿದ್ದವು. ಈಗ ಉಳಿದದ್ದು ಏಳು. ಮೂರು ಹಳದಿಯಾಗಿದ್ದವು, ಮೂರು ಜೋತುಬಿದ್ದಿದ್ದವು, ಇನ್ನೊಂದು ಏನು ಮಾಡುವುದೆಂದು ಯೋಚಿಸುತ್ತಿತ್ತು.

ಗಿಡ ಇವರದೇ ಆಗಿದ್ದರೆ ಇಷ್ಟು ಹೊತ್ತಿಗೆ ಕಸದ ಬುಟ್ಟಿ ಸೇರಿರುತ್ತಿತ್ತು. ಆದರೆ ಅದು ಹೆಂಡತಿಯ ಅಕ್ಕನದು. ಅಕ್ಕ ಟೈಲರ್. ಎರಡು ವರ್ಷದ ಹಿಂದೆ ತಂಗಿಗೊಂದು ಕೋಟು ಹೊಲಿದುಕೊಟ್ಟಿದ್ದಳು. ತಂಗಿ ಅದನ್ನು ತೊಟ್ಟು ನೋಡಿ, ಅಂಗಡಿಯಲ್ಲಿದ್ದ ಗಿರಾಕಿಗಳ ಎದುರಿಗೇ, ಅಳತೆ ತಪ್ಪಿದೆ ಅಂದಳು. ಅಕ್ಕ, ಅಳತೆ ಸರಿಯಾಗಿದೆ, ಮೈ ತಪ್ಪಿದೆ ಅಂದಳು. ಅಲ್ಲಿಂದಾಚೆಗೆ ಎರಡು ವರ್ಷ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಹೆಂಡತಿ ಹೊರಗೆ ಬಿಗುಮಾನ ತೋರಿಸುತ್ತಿದ್ದಳೇ ಹೊರತು ಒಳಗೊಳಗೇ ಸೊರಗಿದ್ದಳು. ಫೋನು ಬಂದಾಗಲೆಲ್ಲ ಓಡಿಹೋಗಿ ಹೆಸರು ನೋಡಿ, ಮುಖ ಸಪ್ಪೆ ಮಾಡಿಕೊಂಡು ಎತ್ತುವುದನ್ನು ಪ್ಲಂಬರ್ ನೋಡುತ್ತಲೇ ಇದ್ದ. ಪಾಪ ಅನ್ನಿಸುತ್ತಿತ್ತು, ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆಂದು ಸುಮ್ಮನಿದ್ದ.

ಆರು ವಾರದ ಹಿಂದೆ ಅಕ್ಕ ತಾನಾಗಿಯೇ ಬಂದು, ಮಗಳ ಮನೆಗೆ ಹೋಗುತ್ತಿದ್ದೇನೆ, ಬರುವವರೆಗೆ ಇದನ್ನು ನೋಡಿಕೋ ಎಂದು ಗಿಡವನ್ನು ಬಾಗಿಲಲ್ಲೇ ಇಟ್ಟು ಹೋದಳು. ಅವತ್ತಿನಿಂದ ದಿನಾ ಸಂಜೆ ಏಳಕ್ಕೆ ಅವಳ ಫೋನು. ಗಿಡ ಹೇಗಿದೆ, ಚೆನ್ನಾಗಿದೆ ಅಕ್ಕ, ಸರಿ ಇಡ್ತೀನಿ. ಅಷ್ಟೇ ಮಾತು. ಆ ಅಷ್ಟು ಮಾತಿಗೆ ಹೆಂಡತಿ ಆರೂವರೆಯಿಂದಲೇ ಫೋನಿನ ಪಕ್ಕ ಕೂರುತ್ತಿದ್ದಳು. ಇವತ್ತು ನಾಲ್ಕು ಗಂಟೆಗೆ ಅಕ್ಕ ಗಿಡ ತೆಗೆದುಕೊಂಡು ಹೋಗಲು ಬರುವವಳಿದ್ದಳು. ಈಗ ಹನ್ನೆರಡಾಗಿತ್ತು.

— ನಿನ್ನೆ ಫೋನಲ್ಲಿ ಏನು ಹೇಳಿದೆ?

— ಹೊಸ ಚಿಗುರು ಬಂದಿದೆ ಅಂದೆ.

— ಚೆನ್ನಾಗಿದೆ ಅಂದಿದ್ರೆ ಸಾಕಾಗಿತ್ತಲ್ಲೇ.

— ನಲವತ್ತು ದಿನ ಚೆನ್ನಾಗಿದೆ ಅಂತಲೇ ಹೇಳಿದೀನಿ. ಒಂದು ದಿನ ಆದ್ರೂ ಬೇರೆ ಹೇಳದಿದ್ರೆ ನಂಬ್ತಾಳಾ?

ಅಂಥದೇ ಇನ್ನೊಂದು ಗಿಡ ತಂದಿಟ್ಟುಬಿಡೋಣ ಎಂದು ಪ್ಲಂಬರ್ ಸೂಚಿಸಿದ. ಹೆಂಡತಿ ಅದನ್ನು ಪೂರ್ತಿ ಕೇಳಲೂ ಇಲ್ಲ. ಬಾಗಿಲಲ್ಲಿ ನಿಂತವರ ಸೊಂಟದ ಸುತ್ತಳತೆಯನ್ನು ಟೇಪಿಲ್ಲದೆ ಹೇಳುವ ಹೆಂಗಸಿಗೆ ತನ್ನ ಗಿಡದ ಗುರುತು ಸಿಗುವುದಿಲ್ಲವೇ ಎಂದಳು. ಆಮೇಲೆ ವಿಚಾರಣೆ ಶುರುವಾಯಿತು. ಅವಳು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು, ಯಾವಾಗಿಂದ, ಎಷ್ಟು, ಹೇಗೆ ಎಂದು ಕೇಳಿ ಕೇಳಿ ನಾಲಗೆ ಪಳಗಿತ್ತು.

— ನೀವು ಇದನ್ನ ಮುಟ್ಟಿದ್ರಾ?

— ಒಂದೇ ಸಲ. ಅದೂ ಒಳ್ಳೇದಕ್ಕೆ.

— ನೀರು ಹಾಕಿದ್ರಾ?

— ನೀರು ನಿನ್ನ ಇಲಾಖೆ. ಎಷ್ಟು ಹಾಕ್ತಿದ್ದೆ ಹೇಳು.

— ಮೊದಲು ಎರಡು ದಿನಕ್ಕೊಂದು ಲೋಟ. ಎಲೆ ಬಾಡಿತು, ಬಾಯಾರಿಕೆ ಇರಬೇಕು ಅಂತ ದಿನಕ್ಕೊಂದು ಮಾಡಿದೆ. ಮತ್ತೂ ಬಾಡಿತು, ಎರಡು ಮಾಡಿದೆ. ಇವತ್ತು ಬೆಳಿಗ್ಗೆ ಜಗ್ಗಲ್ಲೇ ಹಾಕಿದೆ. ಕುಡೀತಾನೇ ಇಲ್ಲ. ಮುಖ ತಿರುಗಿಸಿಕೊಂಡು ನಿಂತಿದೆ.

ಪ್ಲಂಬರ್ ಬಗ್ಗಿ ನೋಡಿದ. ಮಣ್ಣಿನ ಮೇಲೆ ಎರಡು ಬೆರಳು ನೀರು ನಿಂತಿತ್ತು. ಮೂಗು ಹತ್ತಿರ ಒಯ್ದು ಕಣ್ಣು ಮುಚ್ಚಿದ. ಮೂರು ತಿಂಗಳು ಬೀಗ ಹಾಕಿದ ಮನೆಯ ಬಚ್ಚಲಿನ ವಾಸನೆ ಅದು. ಈ ವಾಸನೆಯ ವಿಷಯದಲ್ಲಿ ಅವನು ಎಂದೂ ಮೋಸಹೋದವನಲ್ಲ. ಕೆಳಗೆ ಎಲ್ಲೋ ದಾರಿ ಕಟ್ಟಿಕೊಂಡಿದೆ ಎಂದು ತೀರ್ಪು ಕೊಟ್ಟ. ಯಾವನೋ ಬುದ್ಧಿಯಿಲ್ಲದವನು ಕುಂಡ ತುಂಬುವಾಗ ಏನೋ ಅಡ್ಡ ಇಟ್ಟಿರಬೇಕು ಎಂದೂ ಸೇರಿಸಿದ.

ಹೆಂಡತಿ ಗಿಡ ಮಾರುವ ನರ್ಸರಿಯವನಿಗೆ ಫೋನ್ ಮಾಡಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಅವನು ನಿಧಾನದ ಮನುಷ್ಯ. ಎಲೆ ಮೊದಲು ಕೆಳಗಿಂದ ಉದುರಿತಾ, ಕಾಂಡ ಮೆತ್ತಗಾಗಿದೆಯಾ, ವಾಸನೆ ಬರುತ್ತಾ ಎಂದು ಒಂದೊಂದಾಗಿ ಕೇಳಿಕೊಂಡ. ಕೊನೆಗೆ ಕೇಳಿದ:

— ನೀರು ಹಾಕಿದ್ಮೇಲೆ ಕುಂಡದ ಕೆಳಗಿಂದ ಬರುತ್ತಾ?

ಇಲ್ಲಿ ಪ್ಲಂಬರನಿಗೆ ಮೊದಲ ಸಲ ಹೇಳಿಕೊಳ್ಳಲು ಏನೋ ಸಿಕ್ಕಿತು.

— ಇಲ್ಲ ಸರ್. ಒಂದು ತೊಟ್ಟೂ ಬರಲ್ಲ.

— ಒಂದು ತೊಟ್ಟೂ?

— ಗ್ಯಾರಂಟಿ. ಬಂದ ಎರಡನೇ ದಿನ ಸ್ಟೂಲೆಲ್ಲ ಒದ್ದೆ ಆಗಿತ್ತು. ಎತ್ತಿ ನೋಡಿದ್ರೆ ಮೂರು ತೂತು. ಸಿಲಿಕಾನ್ ಅಂಟು ಹಾಕಿ ಮುಚ್ಚಿದೆ. ಕೆಳಗೆ ಪೇಪರ್ ಹಾಸಿ ಪರೀಕ್ಷೆನೂ ಮಾಡಿದೆ. ವಾರ ಆದ್ಮೇಲೂ ಪೇಪರ್ ಓದೋ ಹಾಗಿತ್ತು.



— ತಾವು ಏನು ಕೆಲಸ ಮಾಡ್ತೀರಿ?

— ಪ್ಲಂಬರ್.

— ಹಾಗೇ ಅಂದ್ಕೊಂಡೆ. ಆ ತೂತು ಇರೋದೇ ಸೋರೋಕೆ ಸ್ವಾಮಿ. ಬೇರು ನೀರಲ್ಲಿ ಕೊಳೀತಿದೆ. ಕೊಳೆತ ಬೇರಿಗೆ ನೀರು ಎಳೆಯೋಕಾಗಲ್ಲ, ಎಲೆ ಬಾಡುತ್ತೆ. ನೀವು ಬಾಯಾರಿಕೆ ಅಂತ ಇನ್ನಷ್ಟು ಹಾಕ್ತೀರಿ.

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಆದರೂ ಪ್ಲಂಬರನಿಗೆ ಕಸುಬಿನ ಮಾನ ಬಿಟ್ಟುಕೊಡಲಾಗಲಿಲ್ಲ.

— ಸೋರಲಿ ಅಂತ ಯಾರಾದ್ರೂ ತೂತು ಮಾಡ್ತಾರಾ?

— ಬಚ್ಚಲಿಗೆ ಮಾಡ್ತೀರಲ್ಲ.

— ಬಚ್ಚಲಿಗೆ ಪೈಪ್ ಇರುತ್ತೆ.

— ಸದ್ಯ, ಇದಕ್ಕೆ ಪೈಪ್ ಹಾಕಿಲ್ಲವಲ್ಲ ನೀವು.

ನರ್ಸರಿಯವನು ಹೇಳಿದಂತೆ ಕೆಲಸ ಶುರುವಾಯಿತು. ಸಿಲಿಕಾನ್ ಕೀಳಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಭದ್ರವಾಗಿತ್ತು. ಕೀಳುತ್ತಾ ಕೀಳುತ್ತಾ ಪ್ಲಂಬರನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಮೂರನೆಯ ತೂತು ತೆರೆದದ್ದೇ ತಡ, ಕಪ್ಪು ನೀರು ಬಳಬಳನೆ ಬಕೆಟ್ಟಿಗೆ ಇಳಿಯಿತು. ಇಬ್ಬರೂ ಕಿಟಕಿ ತೆರೆದು ಅಲ್ಲೇ ಸ್ವಲ್ಪ ಹೊತ್ತು ನಿಂತರು.

ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆದಾಯಿತು. ಕಪ್ಪಗೆ ಲೊಳಲೊಳ ಎನ್ನುತ್ತಿದ್ದ ಬೇರುಗಳನ್ನು ಹೆಂಡತಿ ಕತ್ತರಿಯಿಂದ ಕತ್ತರಿಸಿದಳು, ಗಟ್ಟಿಯಾಗಿ ಬೆಳ್ಳಗಿದ್ದವನ್ನು ಉಳಿಸಿದಳು. ಹಾಗೆ ಉಳಿದದ್ದು ಒಂದು ಹಿಡಿ. ಪ್ಲಂಬರ್ ಮಹಡಿಯ ಮೂಲೆಯಲ್ಲಿ ಮಿಕ್ಕಿದ್ದ ದಪ್ಪ ಮರಳನ್ನು ತಂದು ಹೊಸ ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿ, ಅದೇ ಕುಂಡದಲ್ಲಿ ಗಿಡವನ್ನು ಮತ್ತೆ ನೆಟ್ಟ. ಇನ್ನು ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದೆ ಅನ್ನಿಸಿದರೆ ಮಾತ್ರ ನೀರು ಎಂದು ನರ್ಸರಿಯವನ ಕಟ್ಟಪ್ಪಣೆ. ಇಷ್ಟೆಲ್ಲ ಆಗುವಷ್ಟರಲ್ಲಿ ಮೂರೂಮುಕ್ಕಾಲು. ಯೋಚಿಸುತ್ತಿದ್ದ ಎಲೆ ಯೋಚನೆ ಮುಗಿಸಿ ಕೆಳಗೆ ಬಿತ್ತು. ಅದರ ಹಿಂದೆಯೇ ಹಳದಿಯ ಎರಡು. ನಾಲ್ಕು ಉಳಿದವು.

— ನೀವೇ ಹೇಳಿ ಅಕ್ಕನಿಗೆ.

— ಚಿಗುರು ಬಂದಿದೆ ಅಂದವಳು ನೀನು.

— ತೂತು ಮುಚ್ಚಿದವರು ನೀವು.

ಹೆಂಡತಿಯ ದನಿ ಅಲ್ಲಿಗೆ ಒಡೆಯಿತು. ಈ ಸಲ ಹೋದರೆ ಅಕ್ಕ ಇನ್ನು ಬರೋದಿಲ್ಲ ಕಣ್ರೀ, ಅಂದಳು. ಯಾವ ಸಿಂಕಿನ ಕೆಳಗೂ ಪ್ಲಂಬರನಿಗೆ ಇಷ್ಟು ಕೈಲಾಗದ ಸ್ಥಿತಿ ಬಂದಿರಲಿಲ್ಲ.

ಕರೆಗಂಟೆ ಸದ್ದಾಯಿತು. ಅಕ್ಕ ಒಳಗೆ ಬಂದು, ಚಪ್ಪಲಿ ಬಿಟ್ಟು, ಯಾರನ್ನೂ ಮಾತಾಡಿಸದೆ ನೇರ ಕಿಟಕಿಯ ಹತ್ತಿರ ಹೋದಳು. ಎಲೆ ನೋಡಿದಳು. ಬೆರಳು ಮಣ್ಣಿಗಿಳಿಸಿದಳು. ಕುಂಡವನ್ನು ಓರೆ ಮಾಡಿ ತಳ ನೋಡಿದಳು. ಅಲ್ಲಿ ಸಿಲಿಕಾನಿನ ಬಿಳಿ ಉಂಗುರಗಳು ಮೂರು ಇನ್ನೂ ಅಂಟಿಕೊಂಡಿದ್ದವು.

— ಯಾರು ಮುಚ್ಚಿದ್ದು?

— ನಾನೇ ಅತ್ತಿಗೆ.

— ಯಾಕೆ?

— ಸೋರ್ತಿತ್ತು.

ಅತ್ತಿಗೆ ಅವನನ್ನು ತಲೆಯಿಂದ ಕಾಲಿನವರೆಗೆ, ಬಟ್ಟೆ ಎಷ್ಟು ಬೇಕಾಗುತ್ತದೆ ಎಂದು ನೋಡುವವಳಂತೆ ಒಮ್ಮೆ ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ತಂಗಿ ಸೆರಗೋ ಕರ್ಚೀಫೋ ಸಿಗದೆ, ಮಣ್ಣಾದ ಕೈಯಿಂದಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕೆಸರು ಮಾಡಿಕೊಂಡಿದ್ದಳು.

— ಇದನ್ನ ಈ ಸ್ಥಿತೀಲಿ ಬಸ್ಸಲ್ಲಿ ಒಯ್ಯೋಕಾಗಲ್ಲ. ಇಲ್ಲೇ ಇರಲಿ. ನೀವಿಬ್ರೂ ಮುಟ್ಟಬೇಡಿ. ಮಂಗಳವಾರ, ಶುಕ್ರವಾರ ನಾನೇ ಬಂದು ನೋಡ್ಕೋತೀನಿ, ಇದು ಹುಷಾರಾಗೋವರೆಗೆ.

— ವಾರಕ್ಕೆರಡು ಸಲ ಅಷ್ಟು ದೂರದಿಂದ ಬರ್ತೀಯಾ ಅಕ್ಕ?

— ಗಿಡಕ್ಕೋಸ್ಕರ ಬರ್ತೀನಿ. ನಿನಗೋಸ್ಕರ ಅಲ್ಲ. ಮುಖ ತೊಳ್ಕೊ ಹೋಗು, ಟೀ ಮಾಡು.

ಟೀ ಎರಡು ಸಲ ಆಯಿತು. ಅಕ್ಕತಂಗಿಯರು ಅಡುಗೆಮನೆಯಲ್ಲೇ ಕೂತು, ಮಗಳು, ಅಳಿಯ, ಮೊಣಕಾಲು ನೋವು, ಪಕ್ಕದ ಮನೆಯವರ ನಾಯಿ, ಎಲ್ಲವನ್ನೂ ಎರಡು ವರ್ಷದ ಬಾಕಿ ಸೇರಿಸಿ ಮಾತಾಡಿದರು. ಗಿಡದ ಮಾತು ಒಮ್ಮೆಯೂ ಬರಲಿಲ್ಲ. ಆರು ಗಂಟೆಗೆ ಅತ್ತಿಗೆ ಎದ್ದಳು. ಬಸ್ ಸ್ಟಾಪಿನವರೆಗೆ ಹೋಗಿ ಬಿಟ್ಟುಬಂದ ಹೆಂಡತಿ, ಚಪ್ಪಲಿಯನ್ನೂ ಬಿಡದೆ ಗಿಡದ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ಅದನ್ನೇ ನೋಡಿದಳು.

— ರೀ.

— ಏನೇ?

— ಇದು ಬೇಗ ಹುಷಾರಾಗಿಬಿಟ್ರೆ ಏನು ಮಾಡೋದು?

ಪ್ಲಂಬರ್ ಪೇಪರಿನಿಂದ ತಲೆ ಎತ್ತಲಿಲ್ಲ.

— ನೀರು ಹಾಕು.