ಹಡಗು ಹತ್ತಿದ ಖಣ

ಹೊಟ್ಟೆ ಉರಿಸುವ ಪ್ರಸಂಗಗಳು ನಮ್ಮ ಮನೆಗೆ ಕರೆಯದೆಯೇ ಬರುತ್ತವೆ. ಶಿವ ಕೊಟ್ಟದ್ದರಲ್ಲಿ ತೃಪ್ತಿ ಇರಲೆಂದು ದಿನಾ ಬೇಡಿಕೊಳ್ಳುತ್ತೇನೆ. ಅಷ್ಟರಲ್ಲಿ ನನ್ನ ಗೆಳೆಯನ ಸುದ್ದಿಯೊಂದು ಬಂದೇ ಬಿಡುತ್ತದೆ.

ಪೂಜೆಯ ಹೊತ್ತು

ಗುಳೇದಗುಡ್ಡದಲ್ಲಿ ನಾವಿಬ್ಬರೂ ಕೂಡಿ ಸಾಲೆ ಕಲಿತವರು, ಕೂಡಿಯೇ ನೇಕಾರರಿಗೆ ಕುಬಸದ ಖಣಗಳ ಚಿತ್ತಾರ ಬರೆದುಕೊಡುವವರು. ಒಂದು ಮುಂಜಾನೆ ಬಾದಾಮಿಯ ಗುಹೆಗೆ ಹೋಗಿ ಕಂಬದ ಬಳ್ಳಿಗಳನ್ನು ಕಾಗದಕ್ಕೆ ಇಳಿಸಿಕೊಂಡೆವು. ಅಲ್ಲಿಗೊಬ್ಬ ವಿಲಾಯತಿ ಸಾಹೇಬ ಬಂದ. ತಮ್ಮ ದೇಶದ ದೊಡ್ಡ ಕಾಲೇಜಿಗೆ ಚಿತ್ರ ಕಲಿಸುವ ಮಾಸ್ತರನನ್ನು ಹುಡುಕುತ್ತಿದ್ದನಂತೆ. ನನ್ನ ಕಾಗದವನ್ನೇ ಎತ್ತಿಕೊಂಡು, ಇದನ್ನು ಬರೆದವರು ಯಾರೆಂದು ಜೊತೆಗಿದ್ದ ಸಿಪಾಯಿಯಿಂದ ಕೇಳಿಸಿದ. ನಾನೋ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದೆ. ನಡುವೆ ಮಾತಾಡುವಂತಿಲ್ಲ. ಅವನು ಇತ್ತ ನೋಡಲೆಂದು ಮಂತ್ರವನ್ನು ತುಸು ಜೋರು ಮಾಡಿದೆ. ಸಾಹೇಬ ನನ್ನ ಭಕ್ತಿಗೆ ಮೆಚ್ಚಿ, ಟೊಪ್ಪಿಗೆ ತೆಗೆದು, ನನ್ನ ಕಾಗದ ಹಿಡಿದುಕೊಂಡೇ ಸಪ್ಪಳಾಗದಂತೆ ಹೊರಗೆ ನಡೆದ. ಗೆಳೆಯ ಅವನ ಬೆನ್ನು ಹತ್ತಿದ. ಬೆನ್ನು ಹತ್ತಿದವನು ತಿಂಗಳೊಳಗೆ ಆ ಕಾಲೇಜಿನ ಮಾಸ್ತರನಾಗಿ ಹಡಗನ್ನೂ ಹತ್ತಿದ!

ಏಳದ ಹುಡುಗರು

ಮುಂದಿನ ವರ್ಷ ಅವನು ತಿರುಗಿ ಬಂದಾಗ ಓಣಿಯೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿತು.

“ಮೊದಲನೇ ದಿನ, ನಮ್ಮ ಸಾಲ್ಯಾಗಿನಂಗ ಎಲ್ಲಾರನ್ನೂ ನೆಲದ ಮ್ಯಾಲ ಚಕ್ಕಳಮಕ್ಕಳ ಕೂಡಿಸಿದೆ,” ಅಂದ. “ಬಿಗಿ ಇಜಾರದಾಗ ಹೆಂಗೋ ಕೂತ್ರು. ಪಾಠ ಮುಗೀತು, ಒಬ್ಬರೂ ಏಳವಲ್ರು! ದೊಡ್ಡ ಮಾಸ್ತರ ಬಾಗಲದಾಗ ನಿಂತು ನೋಡಿ, ‘ಎಂಥಾ ಪಾಠಾ ಹೇಳೀರಿ, ಹುಡುಗರಿಗೆ ಏಳಾಕ ಮನಸ ಇಲ್ಲ’ ಅಂತ ನನ್ನ ಕೈ ಕುಲುಕಿದ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

“ಕಾಲು ಜೋಮು ಹಿಡದವರಿಗೆ ಯಾರರ ಪಾಠಾ ಹೇಳ್ತಾರಲೇ,” ಅಂದೆ.

ಕೊರಳಿನ ಖಣ

ಹಡಗು ಹತ್ತುವ ಮುಂಚೆ ಅವನು, ನನ್ನ ಹೆಂಡತಿಯ ಉಡಿ ತುಂಬಿದ್ದ ಹೊಸ ಖಣವನ್ನು ಹುಡುಗರಿಗೆ ತೋರಿಸಲೆಂದು ಕೇಳಿ ಒಯ್ದಿದ್ದ. ಅದರ ಚಿತ್ತಾರ ನನ್ನದೇ.

“ಅಣ್ಣಾ, ನನ್ನ ಖಣ ಎಲ್ಲೈತಿ?” ಅಂದಳು ಇವಳು.

ಅವನು ತಲೆ ಕೆರೆದುಕೊಂಡ. “ಏನ್ ಹೇಳ್ಲಿ ತಂಗೆವ್ವಾ, ದೊಡ್ಡ ಮಾಸ್ತರ ನೋಡಿದ ಕೂಡ್ಲೆ ತನ್ನ ಕೊರಳಿಗೆ ಸುತಗೊಂಡ. ಈಗ ಯಾವ ಸಭಾ ಇದ್ರೂ ಅದನ್ನ ಹಾಕ್ಕೊಂಡ ಬರ್ತಾನ. ಇದು ಹೆಣ್ಣಮಕ್ಕಳ ಕುಬಸದ ಅರಿವಿ ಅನ್ನಾಕ ನನಗ ಬಾಯಿನ ಬರಲಿಲ್ಲ.”

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಹೊಟ್ಟೆಯ ಸಂಕಟ ಬೇರೆ.

“ನನ್ನ ಚಿತ್ತಾರ ಕಾಲೇಜಿಗೆ ಹೋತು, ನಿನ್ನ ಖಣ ಸಭಾಕ್ಕ ಹೋತು, ನಾ ಒಬ್ಬನ ಇಲ್ಲಿ ಉಳದೆ!” ಅಂದೆ ಹೆಂಡತಿಗೆ.

“ಇನ್ನೇನ್ ಆಗತೈತ್ರಿ?” ಅಂದಳು ಇವಳು. “ನಿಮ್ಮ ಪೂಜಿ ಮುಗಿಯೂತನಕ ಹಡಗ ನಿಂದ್ರತೈತೇನು?”