ಪೇಪರಿನವನ ಮರ್ಯಾದೆ ಹೋದ ಬಗೆಗಳು

ಮರ್ಯಾದೆ ಒಂದೇ ಸಲಕ್ಕೆ ಹೋಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ದಿನಪತ್ರಿಕೆಯೊಂದರ ವರದಿಗಾರನಾದ ನನಗೆ ಅದು ವಾರವಾರವೂ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇದೆ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಹೊಸತರಲ್ಲಿ 'ಪೇಪರಲ್ಲಿ ಬಂದೈತೆ' ಎಂದರೆ ಟೀ ಅಂಗಡಿಯ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಈಗ ಅಲ್ಲಿಂದ ಶುರುವಾಗುತ್ತದೆ.

೧. ಮುಂದಿನ ಕುರ್ಚಿ

ಮುಖಂಡರೊಬ್ಬರ ಪತ್ರಿಕಾಗೋಷ್ಠಿ. ಹಳೇ ಅಭ್ಯಾಸದಂತೆ ಮುಂದಿನ ಸಾಲಿನಲ್ಲಿ ಕೂತೆ. ಹಿಂದೆ ಮೊಬೈಲ್ ಹಿಡಿದು ನಿಂತಿದ್ದ ಯೂಟ್ಯೂಬ್ ಚಾನೆಲಿನವನು, "ಸಾರ್, ಸ್ವಲ್ಪ ಬಗ್ಗಿ. ಲೈವಲ್ಲಿ ನಿಮ್ಮ ಬೋಳುತಲೆ ಒಂದೇ ಕಾಣ್ತೈತೆ" ಎಂದ. ಬಗ್ಗಿದೆ. ಬಗ್ಗಿಕೊಂಡೇ ಒಂದು ಪ್ರಶ್ನೆ ಕೇಳಿದೆ. ಮುಖಂಡರು ಕನಿಕರದಿಂದ, "ನಿಮ್ದು ಹೆಂಗೂ ನಾಳೆ ತಾನೆ ಬರೋದು? ಅವಸರ ಏನೈತೆ, ಹೋಗಿ ಉಪ್ಪಿಟ್ಟು ತಿನ್ನಿ" ಎಂದರು.

ತಿಂದೆ. ಅದೂ ಆರಿಹೋಗಿತ್ತು.

೨. ರಾಜಕಾಲುವೆ

ಪಂಚಾಯ್ತಿ ಸದಸ್ಯನೊಬ್ಬ ಮಳೆನೀರು ಹರಿಯುವ ರಾಜಕಾಲುವೆ ಮುಚ್ಚಿ ಸೈಟು ಮಾಡಿದ್ದ. ಅವನ ಫೋಟೊ ಸಮೇತ ಬರೆದೆ. ಹಿಂದೆಲ್ಲ ಇಂಥ ಸುದ್ದಿ ಬಂದರೆ ಹೊತ್ತು ಹುಟ್ಟುವ ಮುಂಚೆ ನನ್ನ ಮನೆ ಮುಂದೆ ನಿಂತು ಕೂಗಾಡುತ್ತಿದ್ದರು. ಇವನು ಸ್ವೀಟ್ ಬಾಕ್ಸ್ ತಂದ.

"ಅಣ್ಣ, ಫೋಟೊ ಸಖತ್ತಾಗಿ ಬಂದೈತೆ!"

"ಓದಿದೆಯೇನಪ್ಪಾ?"

"ಓದೋದ್ಯಾಕಣ್ಣ? ಕಟಿಂಗ್ ಸ್ಟೇಟಸ್‌ಗೆ ಹಾಕಿದೀನಿ. ಊರೆಲ್ಲ ಅಭಿನಂದನೆ ಅಂತಾವ್ರೆ."

ಫೋನ್ ತೋರಿಸಿದ. ಆ ಕಾಲುವೆ ನೀರು ಮನೆಗೆ ನುಗ್ಗಿದವನೂ ಹೆಬ್ಬೆರಳು ಎತ್ತಿದ್ದ.

೩. ಚಿರತೆ

ದೊಡ್ಡಬೆಳವಂಗಲದ ಹತ್ತಿರ ಚಿರತೆ ಬಂದಿದೆಯೆಂದು ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೊ ಹರಿದಾಡಿತು. ರಾಗಿ ಕಟಾವಿಗೆ ಬಂದಿತ್ತು, ಜನ ಹೊಲದ ಕಡೆ ತಲೆ ಹಾಕಲಿಲ್ಲ. ಇದೊಂದರಲ್ಲಾದರೂ ನನ್ನ ಮಾತು ನಡೆಯಲಿ ಎಂದು ಹೊಲ ಹೊಲ ಅಲೆದೆ. ಹೆಜ್ಜೆ ಗುರುತಿಲ್ಲ. ಫೋಟೊ ಬೇರೆ ರಾಜ್ಯದ್ದು. 'ಚಿರತೆ ಇಲ್ಲ' ಎಂದು ಬರೆದೆ.

ಒಬ್ಬರೂ ನಂಬಲಿಲ್ಲ. ನಿಜಕ್ಕೂ ಅಳು ಬಂತು.

ಜನರ ಕಾಟ ತಾಳದೆ ಅರಣ್ಯದವರು ಬೋನು ತಂದಿಟ್ಟು ಒಳಗೊಂದು ನಾಯಿ ಕಟ್ಟಿದರು. "ಚಿರತೆ ಇಲ್ದಿದ್ರೆ ಬೋನ್ಯಾಕೆ ಸ್ವಾಮಿ?" ಎಂದು ಊರು ಕೇಳಿತು. "ಬೋನಿನ ಫೋಟೊ ಎಲ್ಲರ ಹತ್ರ ಇದೆ, ನಮ್ಮ ಹತ್ರ ಯಾಕಿಲ್ಲ?" ಎಂದು ಸಂಪಾದಕರು ಬೈದರು. ನಾನೇ ಹೋಗಿ ತೆಗೆದು ಕಳಿಸಿದೆ. ಮಾರನೆಯ ದಿನ ಅದೇ ಕಟಿಂಗ್ ಗ್ರೂಪಿಗೆ ಬಂತು: 'ಪತ್ರಿಕೆಯವರೇ ಒಪ್ಪಿಕೊಂಡಿದ್ದಾರೆ, ಹುಷಾರು.'

ಹೆಂಡತಿ, "ಸಂಜೆ ಹೊಲದ ದಾರೀಲಿ ಬರ್ಬೇಡಿ" ಎಂದಳು.

"ಇಲ್ಲ ಅಂತ ನಾನೇ ಬರೆದಿದೀನಲ್ಲೇ!"

"ನೀವು ಬರೀತೀರಿ, ನಿಮಗೇನು."

ಸಿಟ್ಟು ನೆತ್ತಿಗೇರಿತು. ಇವಳಿಗಾದರೂ ತೋರಿಸಬೇಕೆಂದು ಮುಸ್ಸಂಜೆಯಲ್ಲಿ ಬೇಕಂತಲೇ ಆ ದಾರಿ ಹಿಡಿದೆ. ರಾಗಿ ಪೈರಿನಲ್ಲಿ ಏನೋ ಸರಕ್ಕೆಂದಿತು. ಬೈಕಿನ ಹಾರನ್ ಒತ್ತಿದವನು ಮನೆ ಬಾಗಿಲವರೆಗೂ ಬೆರಳು ತೆಗೆಯಲಿಲ್ಲ.

ಹೆಂಡತಿ ಓಡಿಬಂದು, "ಏನ್ರೀ ಆಯ್ತು? ಚಿರತೆ ಇಲ್ಲ ಅಂದ್ರಲ್ಲ?" ಎಂದಳು.

"ಮೊದ್ಲು ಬಾಗ್ಲು ಹಾಕೇ" ಎಂದೆ. "ಅಷ್ಟೊಂದು ಗ್ರೂಪಲ್ಲಿ ಬಂದಿದೆ, ಎಲ್ಲಾ ಸುಳ್ಳಾಗಿರುತ್ತಾ?"