ಅತ್ತೆ ಸೇರಿಸಿದ ಊರ ಹೆಸರು

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ಸುಳ್ಳನ್ನೂ ಹುಟ್ಟಿಸಿದವಳಲ್ಲ. ಯಾರೋ ಹುಟ್ಟಿಸಿದ್ದಕ್ಕೆ ಊರು, ಕೇರಿ ಸೇರಿಸಿ ಮುಂದಕ್ಕೆ ಕಳಿಸುವವಳು, ಅಷ್ಟೆ!

ಅವಳದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿ. ಮಗ, ಸೊಸೆ ದಿನಾ ಬಂಗಾರಪೇಟೆಗೆ ಹೋಗಿ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಎರಡು ಸೀಮೆಹಸು, ಒಬ್ಬಳು ಮೊಮ್ಮಗಳು ಅತ್ತೆಯ ಸುಪರ್ದಿಗೆ. ಅತ್ತೆಗೆ ಓದು ಬರಹ ಬಾರದು. ಫೋನಿನಲ್ಲಿ ಮೈಕಿನ ಚಿತ್ರ ಒತ್ತಿಹಿಡಿದು ಮಾತಾಡಿದರೆ ಸಾಕು ಎಂದು ಕಲಿಸಿಕೊಟ್ಟವನು ನಾನೇ. ಅಂದಿನಿಂದ ನಮ್ಮ ನೆಂಟರ ಗುಂಪಿಗೆ ನೆಮ್ಮದಿಯಿಲ್ಲ.

ಎಲ್ಲೋ ಪ್ಲಾಸ್ಟಿಕ್ ಅಕ್ಕಿ ಸಿಕ್ಕಿತೆಂಬ ಸುದ್ದಿ ಬಂದರೆ, ಅತ್ತೆಯ ಬಾಯಲ್ಲಿ ಅದು ಬಂಗಾರಪೇಟೆ ಸಂತೆಯ ಅಕ್ಕಿಯಾಗುತ್ತಿತ್ತು. ನಮ್ಮ ಚಿಕ್ಕಪ್ಪ ಒಂದು ವಾರ ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆಸೆದು, ಪುಟಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಉಂಡರು. ಬೇತಮಂಗಲದ ಕೆರೆ ತಗ್ಗಿದಾಗ, ಮುಚ್ಚಿಹೋದ ಚಿನ್ನದ ಗಣಿಯೊಳಗೆ ಯಾರೋ ಆ ನೀರಲ್ಲಿ ಗುಟ್ಟಾಗಿ ಚಿನ್ನ ತೊಳೆಯುತ್ತಿದ್ದಾರೆ ಎಂದಳು. ನೋಡಿದವರು ಯಾರು ಎಂದು ಕೇಳಿದೆ. ನೋಡಿದವರು ಹೇಳಿಬಿಟ್ಟರೆ ಅದು ಗುಟ್ಟು ಹೇಗಾಗುತ್ತದೆ ಎಂದು ನನ್ನನ್ನೇ ಕೇಳಿದಳು. ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತೀರಿ?

ಕಳೆದ ವರ್ಷ ಮಕ್ಕಳ ಕಳ್ಳರ ವಿಡಿಯೋ ಬಂತು. ಯಾವ ರಾಜ್ಯದ್ದೋ, ಯಾವ ಕಾಲದ್ದೋ. ಅತ್ತೆ ನಿಜಕ್ಕೂ ಹೆದರಿದಳು. ಸಗಣಿ ಬಾಚಲು ಹೋಗುವಾಗಲೂ ಮೊಮ್ಮಗಳನ್ನು ಸೊಂಟದಿಂದ ಇಳಿಸಲಿಲ್ಲ. ಮಿಕ್ಕವರೂ ಎಚ್ಚರವಾಗಿರಲಿ ಎಂದು ಮೈಕು ಒತ್ತಿದಳು:

"ನಮ್ಮ ಕಾಮಸಮುದ್ರದಾಗೆ ಎಲ್ಡು ಮಕ್ಳುನ್ನ ಎತ್ಕೊಂಡೋಗವ್ರೆ. ಕೂದ್ಲು ಕೊಳ್ಳೋರ ವೇಸದಾಗೆ ಬತ್ತಾರೆ. ಚೀಲ ಕಂಡ್ರೆ ಬಿಡ್ಬ್ಯಾಡಿ."

ಕಾಮಸಮುದ್ರವೂ ಕೂದಲೂ ಆ ವಿಡಿಯೋದಲ್ಲಿ ಇರಲೇ ಇಲ್ಲ. ಊರ ಹೆಸರಿಲ್ಲದಿದ್ದರೆ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಅತ್ತೆಯ ಅನುಭವ. ನಾನು ಕೇಳಿ ನಕ್ಕೆ. ನಕ್ಕು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. "ನಮ್ಮತ್ತೆಯ ಹೊಸ ಸಂಶೋಧನೆ" ಎಂದು ಮೇಲೊಂದು ಸಾಲು ಬರೆದು ಮೂರು ಗುಂಪುಗಳಿಗೆ ಕಳಿಸಿದೆ. ಸಾಲು ಅಲ್ಲೇ ಉಳಿಯಿತು. ದನಿ ಮಾತ್ರ ಮುಂದೆ ಹೋಯಿತು.

ನಾಲ್ಕನೆಯ ದಿನ ನಾನು ಅತ್ತೆಯ ಮನೆಗೆ ಹೋಗಿದ್ದೆ. ಮಧ್ಯಾಹ್ನ ಬಸ್ ನಿಲ್ಲುವ ಕಡೆಯಿಂದ ಗಲಾಟೆ ಕೇಳಿಸಿತು. ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಓಡಿದೆವು. ಕೂದಲಿಗೆ ಸ್ಟೀಲ್ ಡಬ್ಬಿ ಕೊಡುವ ಹೆಂಗಸು, ಗಡಿಯಾಚೆಯ ಆಂಧ್ರದವಳು, ಜನರ ನಡುವೆ ಸಿಕ್ಕಿಬಿದ್ದಿದ್ದಳು. ಅವಳ ಜಡೆ ಒಬ್ಬನ ಮುಷ್ಟಿಯಲ್ಲಿತ್ತು. ಚೀಲ ಸುರಿದಿದ್ದರು: ಕೂದಲ ಗಂಟುಗಳು, ನಾಲ್ಕೈದು ಡಬ್ಬಿ, ಮಗಳಿಗೆಂದು ಕೊಂಡಿದ್ದ ಒಂದು ಪುಟ್ಟ ಫ್ರಾಕು. ಆ ಫ್ರಾಕೇ ಸಾಕ್ಷಿಯಾಗಿತ್ತು. ಯಾರೋ ಫೋನು ಎತ್ತಿಹಿಡಿದು ಎಲ್ಲರಿಗೂ ಕೇಳಿಸುತ್ತಿದ್ದ. ಅದರೊಳಗಿಂದ ನಮ್ಮತ್ತೆ ಮಾತಾಡುತ್ತಿದ್ದಳು.

ಅತ್ತೆ ನಿಂತಲ್ಲೇ ನಿಂತಳು. ಆಮೇಲೆ ಜನರನ್ನು ಸರಿಸಿ ಒಳಗೆ ಹೋದಳು.

"ಆ ದನಿ ನಂದು. ನಾನು ಯಾರ್ನೂ ನೋಡಿಲ್ಲ. ಊರೆಸ್ರೂ ನಾನೇ ಸೇರಿಸ್ದೆ."

ಯಾರು ನಂಬಿದರು? ಕಳ್ಳರು ಹೆದರಿಸಿದ್ದಾರೆ, ಅದಕ್ಕೇ ಹೀಗನ್ನುತ್ತಿದ್ದಾಳೆ ಎಂದ ಒಬ್ಬ. ಇವಳೂ ಅವರ ಕಡೆಯವಳಿರಬೇಕು ಎಂದ ಇನ್ನೊಬ್ಬ. ಅತ್ತೆ ವಾದಿಸಲಿಲ್ಲ. ಆ ಹೆಂಗಸನ್ನು ತಬ್ಬಿಕೊಂಡು ರಸ್ತೆಯಲ್ಲೇ ಕುಳಿತುಬಿಟ್ಟಳು. ಅವಳಿಗೆಂದು ಬೀಸಿದ ಏಟು ಅತ್ತೆಯ ಎಡಗಿವಿಗೆ ಬಿತ್ತು. ಹೊಡೆದವನು ದಿನವೂ ಡೇರಿಯಲ್ಲಿ ಅತ್ತೆಯ ಹಿಂದೆ ನಿಂತು ಹಾಲು ಹಾಕುವವನು. ಅವನ ಕೈ ಮತ್ತೆ ಏಳಲಿಲ್ಲ. ಅವನ ನಂತರ ಮಿಕ್ಕವರದೂ ಏಳಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಅವರಿಗೆ ಫೋನು ಮಾಡಿದ್ದೊಂದೇ ನಾನು ಮಾಡಿದ ಕೆಲಸ. ಮಿಕ್ಕಂತೆ ಬಾಯಿಬಿಡದೆ ಅಂಚಿನಲ್ಲಿ ನಿಂತಿದ್ದೆ.

ಆ ಹೆಂಗಸಿನ ಗಂಡ ಬರುವವರೆಗೆ ಆಕೆಯನ್ನು ಅತ್ತೆ ತನ್ನ ಮನೆಯಲ್ಲಿ ಕೂರಿಸಿಕೊಂಡಳು. "ಏಡವಕಮ್ಮಾ", ಅಳಬೇಡಮ್ಮ, ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತ, ಕಿತ್ತುಬಂದಿದ್ದ ಕೂದಲನ್ನು ಬಿಡಿಸಿ, ಉರಿಯುವ ನೆತ್ತಿಗೆ ಎಣ್ಣೆ ಮುಟ್ಟಿಸಿ, ಸಡಿಲವಾಗಿ ಜಡೆ ಹೆಣೆದಳು. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದಳೋ. ಆಕೆ ಹೋಗುವಾಗ ತಿರುಗಿಯೂ ನೋಡಲಿಲ್ಲ.

ಆಮೇಲೆ ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ನಾನೂ ಅದನ್ನು ಕಳಿಸಿದ್ದೆ ಎಂದೆ. ಅತ್ತೆಗೆ ಕೇಳಿಸಲಿಲ್ಲ. ನನ್ನ ಕಡೆಗಿದ್ದದ್ದು ಏಟು ಬಿದ್ದ ಕಿವಿ. ಅವಳು ಬಲಗಿವಿ ತಿರುಗಿಸಿದಳು. ಎರಡನೆಯ ಸಲ ಹೇಳಬೇಕಾಯಿತು. ನಂಬಿ ಅಲ್ಲ, ನಗುವುದಕ್ಕೆ ಕಳಿಸಿದ್ದು ಎಂದೂ ಸೇರಿಸಿದೆ.

ಅತ್ತೆ ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಂಡಳು.

"ನಾನು ನಂಬಿ ಕಳಿಸ್ದೆ, ನೀನು ನಗಾಕೆ ಕಳಿಸ್ದೆ. ಆಯಮ್ಮಂಗೆ ಬಿದ್ದ ಏಟು ಒಂದೇ ಕಣ್ಲಾ."

ಅವಳು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ಚಿಕ್ಕಂದಿನಲ್ಲಿ ತಟ್ಟುತ್ತಿದ್ದಂತೆ ನನ್ನ ನೆತ್ತಿಗೆ ತಟ್ಟಿದಳು.